‘ರಿ’, ‘ರೀ’, ‘ರೆ’: ಒಂದು ಇಂಗ್ಲಿಷ್ ಪೂರ್ವಪ್ರತ್ಯಯದ ಕನ್ನಡ ಉಚ್ಚಾರಣೆ ಮತ್ತು ಅರ್ಥ

ಇಂಗ್ಲಿಷಿನ ಪೂರ್ವಪ್ರತ್ಯಯಗಳನ್ನು ಕುರಿತ ಕನ್ನಡದ ಚರ್ಚೆಗಳು ಬಹುಮಟ್ಟಿಗೆ ಅರ್ಥವನ್ನೇ ಬೆನ್ನುಹತ್ತಿವೆ. ಡಿ. ಎನ್. ಶಂಕರ ಭಟ್ಟರ ‘ಕನ್ನಡದಲ್ಲೇ ಹೊಸಪದಗಳನ್ನು ಕಟ್ಟುವ ಬಗೆ’ ಇವುಗಳಲ್ಲಿ ಕ್ರಮಬದ್ಧವಾದುದು. ಅವರು ‘ಮುನ್ನೊಟ್ಟು’ ಎಂದು ಕರೆಯುವ ಈ ಘಟಕಗಳ ಕೆಲಸವನ್ನು ಕನ್ನಡದ ಸ್ವಂತ ಪದರಚನೆಯಿಂದಲೇ ನಿರ್ವಹಿಸಬಹುದೆಂದು ತೋರಿಸಿದ್ದು ಆ ಕೃತಿಯ ಬಲ. ಆದರೆ ಹೊಸ ಪದವನ್ನು ಕಟ್ಟುವುದೇ ಗುರಿಯಾದಾಗ, ಈಗಾಗಲೇ ಕನ್ನಡದಲ್ಲಿ ನೆಲೆಸಿರುವ ಎರವಲು ಪದಗಳನ್ನು ಮಾತುಗರು ಹೇಗೆ ಒಡೆದು ಗ್ರಹಿಸುತ್ತಾರೆ ಎಂಬ ಪ್ರಶ್ನೆ ಬದಿಗೆ ಸರಿಯುತ್ತದೆ. ಅದಕ್ಕೆ ಬೇಕಾದ ಸಾಕ್ಷ್ಯ ಉಚ್ಚಾರಣೆಯಲ್ಲಿದೆ ಎಂಬುದು ನಮ್ಮ ವಾದ.

‘ಆರ್’ ಮತ್ತು ‘ಇ’ ಅಕ್ಷರಗಳಿಂದ ಬರೆಯುವ ಪೂರ್ವಪ್ರತ್ಯಯವನ್ನು ನೋಡೋಣ. ‘ಚೇತರಿಸಿಕೊಳ್ಳು’ ಎಂಬ ಅರ್ಥದ ‘ರಿಕವರ್’ನಲ್ಲಿ ಅದು ಹ್ರಸ್ವ, ‘ಮತ್ತೆ ಹೊದಿಸು’ ಎಂಬ ಅರ್ಥದಲ್ಲಿ ದೀರ್ಘ, ‘ರೆಕಮೆಂಡ್’ ಎಂಬಲ್ಲಿ ಎಕಾರ. ಇಂಗ್ಲಿಷ್ ಲಿಪಿ ಈ ಭೇದವನ್ನು ಮುಚ್ಚುತ್ತದೆ, ಕೆಲವೊಮ್ಮೆ ನಡುವೆ ಅಡ್ಡಗೆರೆಯಿಟ್ಟು ಸೂಚಿಸುತ್ತದೆ. ಕನ್ನಡಕ್ಕೆ ಅಡ್ಡಗೆರೆ ಬೇಕಿಲ್ಲ, ಮೂರಕ್ಕೂ ಬೇರೆ ಬೇರೆ ಅಕ್ಷರಗಳಿವೆ.

ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳದಂತಹ ಕಾಫಿ ಸೀಮೆಯ ಊರಿನಲ್ಲಿ ಈ ಭೇದ ಬರಿಯ ಧ್ವನಿಶಾಸ್ತ್ರದ ಸಂಗತಿಯಲ್ಲ. ತೋಟದಾಚೆಯ ಕಾಡು ‘ರಿಸರ್ವ್’. ಗಡಿಯ ತಕರಾರೆದ್ದಾಗ ಬೇಡುವುದು ‘ರೀಸರ್ವೆ’. ಕಡತ ಬಂದು ನಿಲ್ಲುವುದು ‘ರೆವಿನ್ಯೂ’ ಇಲಾಖೆಯಲ್ಲಿ. ‘ರೀಸರ್ವೆ’ ಎನ್ನುವವರಿಗೆ ‘ಸರ್ವೆ’ ಬೇರೆಯಾಗಿಯೇ ಗೊತ್ತು. ‘ರಿಸರ್ವ್’ನಿಂದ ‘ಸರ್ವ್’ ಅನ್ನು ಯಾರೂ ಬಿಡಿಸುವುದಿಲ್ಲ. ‘ರೀಪ್ಲಾಂಟಿಂಗ್’, ‘ರೀಚಾರ್ಜ್’, ‘ರೀಓಪನ್’ ಒಂದು ಕಡೆ. ‘ರಿಪೇರಿ’, ‘ರಿಪೋರ್ಟು’, ‘ರಿಜಲ್ಟು’ ಇನ್ನೊಂದು ಕಡೆ. ಉತ್ತರಭಾಗವು ಕನ್ನಡದಲ್ಲಿ ಸ್ವತಂತ್ರ ಪದವಾಗಿದ್ದರಷ್ಟೇ ಸಾಲದು, ಅರ್ಥಸಂಬಂಧವೂ ಹೊಳೆಯಬೇಕು. ಜೀಪಿನ ‘ಟೈರ್’ ಎಲ್ಲರಿಗೂ ಗೊತ್ತಿದ್ದರೂ ‘ರಿಟೈರ್’ ಆದವರನ್ನು ಅದಕ್ಕೆ ಗಂಟುಹಾಕುವವರಿಲ್ಲ.

ಇಲ್ಲೊಂದು ಆಕ್ಷೇಪ ಸಹಜ: ಈ ಹ್ರಸ್ವದೀರ್ಘಗಳು ಇಂಗ್ಲಿಷಿನಲ್ಲೇ ಇವೆ, ಕನ್ನಡ ಅವುಗಳನ್ನು ಹಾಗೆಯೇ ಪಡೆದುಕೊಂಡಿದೆ. ಬಹುಪಾಲು ಪದಗಳಿಗೆ ಇದು ನಿಜ. ಆದ್ದರಿಂದ ಕನ್ನಡವು ಮೂಲವನ್ನು ಬಿಟ್ಟು ನಡೆದ ಎಡೆಗಳೇ ನಮಗೆ ಹೆಚ್ಚು ಬೆಲೆಯುಳ್ಳವು. ಇಂಗ್ಲಿಷ್ ನಿಘಂಟುಗಳು ಸಾಮಾನ್ಯವಾಗಿ ಹ್ರಸ್ವವನ್ನು ಕೊಡುವ ‘ರಿನ್ಯೂವಲ್’ ಕನ್ನಡಿಗರ ಮಾತಿನಲ್ಲಿ ‘ರೀನ್ಯೂವಲ್’ ಎಂದೂ ಕೇಳಿಬರುತ್ತದೆ. ‘ನ್ಯೂ’ ಎಂಬುದು ತಿಳಿದ ಪದವಾದುದರಿಂದ ಪ್ರತ್ಯಯವು ಮತ್ತೆ ಜೀವ ಪಡೆದಿದೆ. ‘ರಿಪೋರ್ಟು’ ಎಂಬಲ್ಲಿ ಇಂತಹ ದೀರ್ಘ ಮೂಡುವುದಿಲ್ಲ. ಪರೀಕ್ಷಾ ವ್ಯವಹಾರದ ‘ರೀಟೋಟಲಿಂಗ್’ ಕೂಡ ಇದೇ ದಾರಿಯದು. (ಗೌರವದಿಂದ ಕರೆಯುವ ನಮ್ಮ ‘ರೀ’ಗೂ ಇದಕ್ಕೂ ಸಂಬಂಧವಿಲ್ಲವೆಂದು ಹೇಳಬೇಕಾಗಿಲ್ಲ.)

ಅರ್ಥದ ಕಡೆ ತಿರುಗಿದರೆ, ‘ಮರು’ ಎಂಬ ಒಂದೇ ಸಮಾನಪದದಿಂದ ತೃಪ್ತಿಪಡುವ ನಿಘಂಟು ಪದ್ಧತಿ ಇನ್ನೂ ದುರ್ಬಲವೆನಿಸುತ್ತದೆ. ‘ಮರುಎಣಿಕೆ’ ಮತ್ತೊಮ್ಮೆ ಎಣಿಸುವುದು. ಆದರೆ ‘ಮರುಪಾವತಿ’ ಮತ್ತೊಮ್ಮೆ ಪಾವತಿಸುವುದಲ್ಲ, ಪಡೆದುದನ್ನು ಹಿಂದಕ್ಕೆ ಕೊಡುವುದು. ಬೆಳೆಸಾಲ ಪಡೆದವರಿಗೆ ಈ ವ್ಯತ್ಯಾಸವನ್ನು ಯಾರೂ ಬೋಧಿಸಬೇಕಿಲ್ಲ. ‘ಮರುದಿನ’ ಮುಂದಿನ ದಿನ, ‘ಮರುಮಾತು’ ಎದುರುತ್ತರ. ಹೀಗೆ ಕನ್ನಡದ ‘ಮರು’ವಿಗೆ ತನ್ನದೇ ಅರ್ಥವ್ಯಾಪ್ತಿಯಿದೆ, ಅದು ಇಂಗ್ಲಿಷ್ ಪ್ರತ್ಯಯದೊಡನೆ ಕೆಲವೆಡೆ ಮಾತ್ರ ಕೂಡುತ್ತದೆ. ಸಂಸ್ಕೃತದ ‘ಮರು’ ಬೇರೆಯೇ ಇದೆ. ‘ಮರುಭೂಮಾಪನ’ ಎಂದು ಕೂಡಿಸಿ ಬರೆದರೆ, ಮಳೆಕಾಡಿನ ಅಂಚಿನಲ್ಲಿ ಮರುಭೂಮಿಯನ್ನು ಅಳೆಯಲು ಹೊರಟಂತಾಗುತ್ತದೆ. ‘ರೀಸರ್ವೆ’ಯಲ್ಲಿ ಈ ಗೊಂದಲವಿಲ್ಲ. ಎರವಲನ್ನು ತೆಗೆದು ದೇಶೀಯವನ್ನು ನೆಡುವ ಉತ್ಸಾಹವು ಇಂತಹ ಲಾಭನಷ್ಟಗಳನ್ನು ತೂಗಿ ನೋಡಿಲ್ಲ.

ಆದಕಾರಣ ಎರವಲು ಪದಗಳ ನಿಘಂಟುಗಳು ಜೀವಂತ ‘ರೀ’ಯನ್ನು ಸ್ವತಂತ್ರ ಉಲ್ಲೇಖವಾಗಿ ಕೊಡಬೇಕು, ‘ರಿ’ ಮತ್ತು ‘ರೆ’ಗಳಿಂದ ಆರಂಭವಾಗುವ ಪದಗಳನ್ನು ಅಖಂಡ ಪದಗಳಾಗಿಯೇ ದಾಖಲಿಸಬೇಕು. ‘ರಿಫಂಡ್’ ಮತ್ತು ‘ರೀಫಂಡ್’ ಎಂಬ ಜೋಡಿ ಮಾತ್ರ ಈ ವಿಂಗಡಣೆಗೆ ಸುಲಭವಾಗಿ ಒಗ್ಗುವುದಿಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಹ್ರಸ್ವ, ನಾಮಪದಕ್ಕೆ ದೀರ್ಘ. ಕನ್ನಡದಲ್ಲಿ ‘ಮಾಡು’, ‘ಆಗು’ಗಳ ಮುಂದೆ ಎರಡೂ ನಾಮಪದಗಳಾಗಿಯೇ ನಿಲ್ಲುವುದರಿಂದ ಆ ಭೇದಕ್ಕೆ ಆಧಾರವೇ ಉಳಿಯುವುದಿಲ್ಲ. ‘ಫಂಡ್’ ಪರಿಚಿತವಾದರೂ ‘ಮತ್ತೆ ನಿಧಿ’ ಎಂಬ ಅರ್ಥ ಅಲ್ಲಿ ಹುಟ್ಟುವುದಿಲ್ಲ.