ದಾರಿ ತಪ್ಪಿದ ಅರ್ಕಾವತ್ತು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಡಿಟಿಪಿ ಅಂಗಡಿಗಳಲ್ಲಿ ಹಳೇ 'ನುಡಿ' ಆಸ್ಕಿ ಫಾಂಟ್‌ನ ಕಡತಗಳಿಗೆ ಬರವಿಲ್ಲ. ಕೊಬ್ಬರಿ ಮಂಡಿಯ ಕರಪತ್ರ, ಜಾತ್ರೆಯ ಆಮಂತ್ರಣ, ಸಂಘದ ವರದಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಲ್ಯಾಟಿನ್ ಅಕ್ಷರಗಳ ಸಂತೆ.

ಅರವಿಂದ ವಿ.ಕೆ. ಅವರ ಆಸ್ಕಿ–ಯೂನಿಕೋಡ್ ಪರಿವರ್ತಕ ಅದನ್ನು ಮತ್ತೆ ಕನ್ನಡವಾಗಿಸುತ್ತದೆ. ನಾನು ಮೆಚ್ಚಿದ್ದು ಅರ್ಕಾವತ್ತಿನ ಕೆಲಸವನ್ನು. 'ಖರ್ಚು' ಬರೆಯುವಾಗ ನುಡಿ, ಕಣ್ಣಿಗೆ ಕಂಡಂತೆಯೇ, ಅರ್ಕಾವತ್ತನ್ನು 'ಚು' ಆದಮೇಲೆ ಇಡುತ್ತದೆ. ಯೂನಿಕೋಡಿಗೆ ಬೇಕಾದದ್ದು ಉಚ್ಚಾರದ ಕ್ರಮ, ರಕಾರವೇ ಮೊದಲು. ಪರಿವರ್ತಕ ಅರ್ಕಾವತ್ತನ್ನೆತ್ತಿ 'ಚು'ಗಿಂತ ಮೊದಲು ಕೂರಿಸದಿದ್ದರೆ ಮಂಡಿ ಲೆಕ್ಕದಲ್ಲಿ 'ಖಚುರ್' ಎಂದಾದೀತು!

ಅರವಿಂದರ ಕೈಯಿಂದಲೇ ಬಂದ ಗುಬ್ಬಿ, ನವಿಲು ಫಾಂಟ್‌ಗಳೂ ಮುಕ್ತವೇ. ನವಿಲು ಕೈಬರಹದ ಧಾಟಿಯದು, ನನಗೆ ತುಸು ಹೆಚ್ಚೇ ಇಷ್ಟ. ಎರಡೂ ಡೆಬಿಯನ್ ಲಿನಕ್ಸ್‌ನಲ್ಲಿ ಕಾಸಿಲ್ಲದೆ ಸಿಗುತ್ತವೆ.