ಹಿಮಾಗ್ಲುಟಿನಿನ್: ಅರ್ಧಕ್ಕೇ ಓದಿ ಬಿಟ್ಟ ರಚನೆ

ವೈರಸ್ಸು ಜೀವಕೋಶಕ್ಕೆ ನುಗ್ಗುವುದನ್ನು ಬೀಗ-ಕೀಲಿಕೈಯ ಲೆಕ್ಕದಲ್ಲಿ ಹೇಳುವ ರೂಢಿ ನಮ್ಮ ವಿಜ್ಞಾನ ಬರಹದಲ್ಲಿ ಬೇರುಬಿಟ್ಟಿದೆ. ಈ ರೂಢಿಗೆ ಇನ್‌ಫ್ಲುಯೆಂಜಾದ ಮೇಲ್ಮೈ ಪ್ರೋಟೀನಾದ ಹಿಮಾಗ್ಲುಟಿನಿನ್ (ಎಚ್‌ಎ) ಕಥೆ 1981ಕ್ಕೇ ಮುಗಿದುಹೋಗುತ್ತದೆ. ಇಯಾನ್ ವಿಲ್ಸನ್, ಜಾನ್ ಸ್ಕೆಹೆಲ್, ಡಾನ್ ವೈಲಿ ಆ ವರ್ಷ ಪ್ರಕಟಿಸಿದ ರಚನೆ ದೊಡ್ಡ ಸಾಧನೆಯೇ: 135 ಆಂಗ್‌ಸ್ಟ್ರಾಮ್ ಉದ್ದದ ತ್ರಿವಳಿ ಕಂಬ, ತುದಿಯಲ್ಲಿ ಸಿಯಾಲಿಕ್ ಆಮ್ಲವನ್ನು ಹಿಡಿಯುವ ಗುಳಿ. ಆದರೆ ಆ ಚಿತ್ರ ಅಂಟಿಕೊಳ್ಳುವುದನ್ನು ತೋರಿಸುತ್ತದೆಯೇ ಹೊರತು ಪ್ರವೇಶವನ್ನಲ್ಲ. ಜೀವಕೋಶದ ಪೊರೆಯನ್ನು ಚುಚ್ಚಬೇಕಾದ ಫ್ಯೂಷನ್ ಪೆಪ್ಟೈಡು ಅದರಲ್ಲಿ ಕಂಬದ ಬುಡದ ಕಡೆ, ತುದಿಯಿಂದ ಸುಮಾರು 100 ಆಂಗ್‌ಸ್ಟ್ರಾಮ್ ಕೆಳಗೆ ಹುದುಗಿದೆ. ಅದು ಮೇಲೇರುವುದು ಹೇಗೆ? ಈ ಪ್ರಶ್ನೆಗೆ ಕೀಲಿಕೈಯಲ್ಲಿ ಉತ್ತರವಿಲ್ಲ.

ಉತ್ತರವಿರುವುದು 1993ರಲ್ಲಿ ಕಾರ್ ಮತ್ತು ಕಿಮ್ ಮುಂದಿಟ್ಟ ಊಹೆಯಲ್ಲಿ, ಅದನ್ನು ದೃಢಪಡಿಸಿದ 1994ರ ಬುಲೊ, ಹ್ಯೂಸನ್, ಸ್ಕೆಹೆಲ್, ವೈಲಿ ಅವರ ರಚನೆಯಲ್ಲಿ. ಎಚ್‌ಎ2 ಸರಪಳಿಯ 55ರಿಂದ 76ರವರೆಗಿನ ಅಮೈನೋ ಆಮ್ಲಗಳ ಭಾಗವನ್ನು ನಿಧಾನವಾಗಿ ನೋಡಬೇಕು. ಮೊದಲ ರಚನೆಯಲ್ಲಿ ಅದು ಎರಡು ಹೀಲಿಕ್ಸ್‌ಗಳ ನಡುವಿನ ಸಡಿಲ ಕುಣಿಕೆ; ಸುತ್ತಲಿನ ಪರಿಸರ ಆಮ್ಲೀಯವಾದ ಮೇಲೆ ಅದೇ ಹೀಲಿಕ್ಸ್ ಆಗಿ, ಮೂರೂ ಒಂದೇ ಉದ್ದ ಸುರುಳಿಯಾಗಿ ಸೆಟೆದು ಪೆಪ್ಟೈಡನ್ನು ಮೇಲಕ್ಕೆಸೆಯುತ್ತವೆ. ಅಷ್ಟೇ ಮುಖ್ಯವಾದ ಇನ್ನೊಂದು ಬದಲಾವಣೆಯನ್ನು ಬಹಳ ಮಂದಿ ಗಮನಿಸುವುದೇ ಇಲ್ಲ: 106ರಿಂದ 112ರವರೆಗೆ ಹೀಲಿಕ್ಸ್ ಮುರಿದು ತಿರುವಾಗುತ್ತದೆ, ಕೆಳಗಿನ ಭಾಗ ತಲೆಕೆಳಗಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಮೊದಲನೆಯದು ಜೀವಕೋಶದ ಪೊರೆಯನ್ನು ಹಿಡಿಯುತ್ತದೆ, ಎರಡನೆಯದು ಎರಡೂ ಪೊರೆಗಳನ್ನು ಹತ್ತಿರಕ್ಕೆಳೆಯುತ್ತದೆ. ತಟಸ್ಥ ಪಿಎಚ್‌ನಲ್ಲೂ ಬರಿಯ ಶಾಖ ಅಥವಾ ಯೂರಿಯಾ ಈ ಬದಲಾವಣೆಯನ್ನು ತರಬಲ್ಲದೆಂದು 1997ರಲ್ಲಿ ಗೊತ್ತಾಯಿತು. ಅಂದರೆ ಆಮ್ಲ ನೆಪ ಮಾತ್ರ. ಶಕ್ತಿ ಪ್ರೋಟೀನಿನ ಮಡಿಕೆಯಲ್ಲೇ ಬಿಗಿದಿಟ್ಟದ್ದು.

1994ರದು ಕಿಣ್ವಗಳಿಂದ ಕತ್ತರಿಸಿದ ತುಂಡು, ಫ್ಯೂಷನ್ ಪೆಪ್ಟೈಡೇ ಅದರಲ್ಲಿಲ್ಲ ಎಂಬ ತಕರಾರು ನಿಜ. ಆದರೆ 1981ರ ಅಣುವನ್ನೂ ಬ್ರೊಮೆಲೈನ್ ಕಿಣ್ವದಿಂದಲೇ ಪೊರೆಯಿಂದ ಕತ್ತರಿಸಿ ತೆಗೆದದ್ದು. ಒಂದಕ್ಕೆ ಅಡ್ಡಿಯಾಗದ ಕತ್ತರಿ ಇನ್ನೊಂದಕ್ಕೆ ಮಾತ್ರ ಏಕೆ ದೋಷವಾಗಬೇಕು? 2020ರಲ್ಲಿ ಸ್ಕೆಹೆಲ್ ಅವರೂ ಇದ್ದ ತಂಡ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 150 ಆಂಗ್‌ಸ್ಟ್ರಾಮ್‌ಗೆ ಚಾಚಿದ ಮಧ್ಯಂತರ ಸ್ಥಿತಿಯನ್ನೇ ಕಂಡಿದೆ. ಹಕ್ಕಿಯ ವೈರಸ್ಸು ಮನುಷ್ಯನಿಗೆ ಹೊಂದಿಕೊಳ್ಳಲು ಗುಳಿಯ ಬದಲಾವಣೆ ಬೇಕಲ್ಲ ಎಂದು ಕೇಳುವವರೂ ಇದ್ದಾರೆ. ಬೇಕು, ಅದು ಯಾರ ಮನೆ ಎಂಬುದನ್ನು ತೀರ್ಮಾನಿಸುತ್ತದೆ, ಒಳಹೋಗುವ ಬಗೆಯನ್ನಲ್ಲ.

ಈ ವ್ಯತ್ಯಾಸದ ಬೆಲೆ ಕೊರೋನಾ ಲಸಿಕೆಗಳಲ್ಲಿ ಕಂಡಿತು. ಫೈಜರ್ ಮತ್ತು ಮಾಡರ್ನಾ ಲಸಿಕೆಗಳು, ಹಿಮಾಗ್ಲುಟಿನಿನ್‌ನಂತೆಯೇ ಭಂಗಿ ಬದಲಿಸಿ ಪೊರೆಗಳನ್ನು ಬೆಸೆಯುವ ಕೊರೋನಾ ವೈರಸ್ಸಿನ ಸ್ಪೈಕ್ ಪ್ರೋಟೀನಿನ 986, 987ನೇ ಸ್ಥಾನಗಳಲ್ಲಿ ಪ್ರೋಲೀನ್ ಇಟ್ಟವು. ಸುರುಳಿ ಸೆಟೆಯಬೇಕಾದ ಜಾಗದಲ್ಲೇ ಹೀಲಿಕ್ಸ್‌ಗೆ ಒಗ್ಗದ ಅಮೈನೋ ಆಮ್ಲ. ಸ್ಪೈಕನ್ನು ಮೊದಲ ಭಂಗಿಯಲ್ಲೇ ತಡೆದು ನಿಲ್ಲಿಸುವುದು ಉದ್ದೇಶ. ಆ ಬದಲಾವಣೆಯಿಲ್ಲದ ಕೋವಿಶೀಲ್ಡ್ ಕೂಡ ಕೆಲಸ ಮಾಡಿತಲ್ಲ ಎನ್ನಬಹುದು. ಮಾಡಿತು, ಏಕೆಂದರೆ ಅದು ಜೀವಕೋಶದ ಮೇಲೆ ತಂದ ಸ್ಪೈಕುಗಳಲ್ಲೂ ಸೆಟೆಯುವ ಮುಂಚಿನ ಭಂಗಿಯವು ಇದ್ದವು. ಪ್ರತಿಕಾಯಗಳಿಗೆ ಪರಿಚಯವಾಗಬೇಕಾದದ್ದು ಆ ಭಂಗಿಯೇ.