ಕಂಡರಿಸಿದ ಕಲ್ಲು, ಹಾಸಿದ ಕಲ್ಲು: ಗದಗ ಪರಿಸರದ ಶಿಲಾ ಅಧ್ಯಯನಗಳ ಮರುಪರಿಶೀಲನೆ

ಗದಗ ಪರಿಸರದ ಕಲ್ಲನ್ನು ಕುರಿತು ಈವರೆಗೆ ಬಂದಿರುವ ಬರವಣಿಗೆಯ ಬಹುಭಾಗವು ದೇವಾಲಯಗಳಿಗೆ ಮೀಸಲಾದುದು. ಗದುಗಿನ ತ್ರಿಕೂಟೇಶ್ವರ, ಲಕ್ಕುಂಡಿಯ ಕಾಶಿ ವಿಶ್ವೇಶ್ವರ, ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಡಂಬಳದ ದೊಡ್ಡಬಸಪ್ಪ ಗುಡಿ ಇವು ವಿದ್ವಾಂಸರ ಗಮನವನ್ನು ಸಹಜವಾಗಿಯೇ ಸೆಳೆದಿವೆ. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು ನುಣುಪು ಕಣದ ಬಳಪದ ಜಾತಿಯ ಕಲ್ಲಿಗೆ ಹೊರಳಿದುದರಿಂದ ಕೆತ್ತನೆ ಸೂಕ್ಷ್ಮವಾಯಿತೆಂಬ ವಿವರಣೆಗೆ ಹೆನ್ರಿ ಕಸಿನ್ಸ್‌ರ 1926ರ ಗ್ರಂಥವು ತಳಹದಿ ಹಾಕಿತು. ಆ ವಿವರಣೆ ಇಂದಿಗೂ ನಿಲ್ಲುವಂಥದು. ಆದರೆ ಉಳಿ ತಾಗಿದ ಕಲ್ಲು ಮಾತ್ರವೇ ಅಧ್ಯಯನಯೋಗ್ಯವೆಂಬ ರೂಢಿಯೂ ಅದರ ಜೊತೆಯಲ್ಲಿಯೇ ಬೆಳೆಯಿತು. ಕಾಲ ಕೆಳಗಿನ ಕಲ್ಲು ಚರ್ಚೆಯ ಹೊರಗುಳಿಯಿತು.

ಕನ್ನಡ ಭಾಷೆಯಾದರೋ ಈ ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಒಂದನ್ನು ಕಂಡರಿಸುತ್ತಾರೆ, ಇನ್ನೊಂದನ್ನು ಹಾಸುತ್ತಾರೆ. ಉತ್ತರ ಕರ್ನಾಟಕದ ಮನೆಗಳ ಪಡಸಾಲೆ, ಅಡುಗೆಮನೆ, ಬಚ್ಚಲುಗಳಲ್ಲಿ ಹಾಸಿದ ಫರಸಿಗೆ ಜನರಿಟ್ಟ ಹೆಸರು ‘ಶಹಾಬಾದ ಕಲ್ಲು’. ಇದು ಗದಗ ನೆಲದ ಕಲ್ಲಲ್ಲ; ಕಲಬುರಗಿ ಸೀಮೆಯ ಶಹಾಬಾದ, ಚಿತ್ತಾಪುರ, ಸೇಡಂ ಭಾಗಗಳಲ್ಲಿ ಹರಡಿರುವ ಭೀಮಾ ಕಣಿವೆಯ ಸುಣ್ಣಕಲ್ಲು. ಬೂದು, ನಸುನೀಲಿ ಬಣ್ಣಗಳ ಈ ಕಲ್ಲು ಪದರುಪದರಾಗಿರುವುದರಿಂದ ಉಳಿ, ಸುತ್ತಿಗೆ, ಹಾರೆಗಳಿಂದಲೇ ಹಲಗೆಯಾಗಿ ಏಳುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯಲ್ಲಿಯೂ ಇದೇ ಜಾತಿಯ ಕಲ್ಲು ಬಳಕೆಯಾಗಿದೆ. ಕಲ್ಲನ್ನು ಅದು ಬಂದ ಊರಿನ ಹೆಸರಿನಿಂದಲೇ ಕರೆಯುವ ಮೂಲಕ ಜನಭಾಷೆ ಅದರ ಹೊರಗಿನ ಮೂಲವನ್ನು ಮರೆಮಾಚಲಿಲ್ಲ ಎಂಬುದು ಗಮನಾರ್ಹ.

ಈ ಹಾಸುಗಲ್ಲು ಮನೆಯೊಳಗಿನ ದುಡಿಮೆಯ ಕ್ರಮವನ್ನೇ ಬದಲಿಸಿತು. ಮಣ್ಣಿನ ನೆಲವನ್ನು ಸೆಗಣಿಯಿಂದ ಸಾರಿಸಬೇಕು. ಕಲ್ಲಿನ ನೆಲವನ್ನು ತೊಳೆದು ಒರೆಸಿದರೆ ಸಾಕು. ಹೆಂಗಸರ ಪಾಲಿನ ಸಾರಣೆಯ ಕೆಲಸ ಒಳಮನೆಯಿಂದ ಹಿಂದೆ ಸರಿದು ಅಂಗಳಕ್ಕೆ ಸೀಮಿತವಾಗುವುದು ಹೀಗೆ. ಹುಣಸೆಹುಳಿ, ಲಿಂಬೆರಸ ಬಿದ್ದೆಡೆ ಸುಣ್ಣಕಲ್ಲು ಹೊಳಪುಗೆಟ್ಟು ಕಲೆಯಾಗುತ್ತದೆ. ಅಡುಗೆಕಟ್ಟೆಯ ಕಲ್ಲು ಮನೆಯ ಊಟದ ಗುರುತನ್ನು ಉಳಿಸಿಕೊಳ್ಳುವುದೂ ಹೀಗೆಯೇ. ಬೀಸುವ ಪದಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದ ಜಾನಪದ ಅಧ್ಯಯನವು ಬೀಸುಕಲ್ಲು ಕೂತ ನೆಲ ಯಾವುದೆಂದು ಕೇಳಿದ್ದು ವಿರಳ. ಆದ್ದರಿಂದ ಲೋಪ ಕಲಾ ಇತಿಹಾಸದ್ದು ಮಾತ್ರವಲ್ಲ.

ಇತ್ತೀಚಿನ ದಶಕಗಳಲ್ಲಿ ಹಾಸುಗಲ್ಲಿಗೆ ಮತ್ತೆ ಬೇಡಿಕೆ ಬಂದಿದೆ. ಉದ್ಯಾನದ ಕಾಲುದಾರಿ, ಗುಡಿಯ ಅಂಗಳ, ಹೊಸ ಮನೆಯ ಜಗಲಿಗಳಲ್ಲಿ ಅದನ್ನು ‘ನೈಸರ್ಗಿಕ’, ‘ಪಾರಂಪರಿಕ’ ಎಂದು ಮೆಚ್ಚಿ ಬಳಸಲಾಗುತ್ತಿದೆ. ಈ ಎರಡು ವಿಶೇಷಣಗಳನ್ನೂ ಪರೀಕ್ಷಿಸಬೇಕಾಗಿದೆ. ‘ನೈಸರ್ಗಿಕ’ ಎಂಬುದು ಗಣಿಯಲ್ಲಿ ಕಲ್ಲೆಬ್ಬಿಸಿದ ಕೈಗಳನ್ನು ಮರೆಸುತ್ತದೆ. ‘ಪಾರಂಪರಿಕ’ ಎಂಬುದು ಲಕ್ಕುಂಡಿಯ ಗುಡಿಯ ಕಲ್ಲಿಗೂ ಭೀಮಾ ಕಣಿವೆಯ ಫರಸಿಗೂ ಇರುವ ಅಂತರವನ್ನು ಅಳಿಸುತ್ತದೆ. ಇಂದು ಹಾಸಿದ ಕಲ್ಲನ್ನು ಸಾವಿರ ವರ್ಷದ ಗುಡಿಯ ಅಂಗವೆಂದು ನೋಡುಗ ತಿಳಿದರೆ ಅದು ಇತಿಹಾಸಕ್ಕೆ ಆಗುವ ಅಪಚಾರ.

ಇದಕ್ಕಿಂತ ಗಂಭೀರವಾದುದು ಬೆಸುಗೆಯ ಪ್ರಶ್ನೆ. ಚಾಲುಕ್ಯ ಗುಡಿಗಳ ಕಲ್ಲುಗಳು ಗಾರೆಯಿಲ್ಲದೆ ಒಂದರ ಮೇಲೊಂದು ಕೂತವು. ಹಳೆಯ ಮನೆಗಳ ಫರಸಿಯು ಸುಣ್ಣದ ಗಚ್ಚಿನಲ್ಲಿ ಕೂತಿತು. ಸುಣ್ಣಕಲ್ಲನ್ನು ಸುಟ್ಟು ಅರೆದ ಗಚ್ಚು ಕಲ್ಲಿಗಿಂತ ಮೆತುವಾದುದರಿಂದ ಹಲಗೆಯನ್ನು ಒಡೆಯದೆ ಎಬ್ಬಿಸಿ ಮತ್ತೊಂದು ಮನೆಯಲ್ಲಿ ಹಾಸಲು ಬರುತ್ತಿತ್ತು. ‘ಸುಣಗಾರ’ ಎಂಬ ಅಡ್ಡಹೆಸರು ಆ ಕಸುಬಿನ ನೆನಪನ್ನು ಇಂದಿಗೂ ಉಳಿಸಿದೆ. ಈಗ ಸುಣ್ಣದ ಜಾಗವನ್ನು ಸಿಮೆಂಟು ಹಿಡಿದಿದೆ. ಅದೂ ಸುಣ್ಣಕಲ್ಲಿನಿಂದಲೇ ಆದುದು. ಭೀಮಾ ಕಣಿವೆಯ ಗಣಿಗಳು ಫರಸಿಗೂ ಸಿಮೆಂಟಿಗೂ ಕಲ್ಲು ಕೊಡುತ್ತವೆ. ಆದರೆ ಸಿಮೆಂಟಿನಲ್ಲಿ ಕೂತ ಹಲಗೆಯನ್ನು ಎಬ್ಬಿಸಹೋದರೆ ಕಲ್ಲೇ ಒಡೆಯುತ್ತದೆ. ಅಂಗಳದಲ್ಲಿ ನೀರು ಕೆಳಗಿಳಿಯದು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಗದಗ ಸೀಮೆಯ ಎರೆ ನೆಲದ ಮೇಲೆ ಇಂಥ ಬಿಗಿ ಹಾಸು ಸೀಳುವ ಸಂಭವವೂ ಹೆಚ್ಚು. ಮರಳು ಅಥವಾ ಗರಸಿನ ಮೇಲೆ ಸಂದು ಬಿಟ್ಟು ಹಾಸಿದ ಕಲ್ಲಿಗೆ ಈ ತೊಡಕುಗಳು ಕಡಿಮೆ. ಆದ್ದರಿಂದ ಪರಂಪರೆಯನ್ನು ಹುಡುಕಬೇಕಾದುದು ಕಲ್ಲಿನಲ್ಲಿ ಮಾತ್ರವಲ್ಲ, ಕಲ್ಲನ್ನು ಕೂಡಿಸುವ ಕ್ರಮದಲ್ಲಿ.

ಗುಡಿಯ ಕಂಬಕ್ಕೆ ಸಂರಕ್ಷಣೆಯ ಕಾನೂನಿದೆ, ಪಡಸಾಲೆಯ ನೆಲಕ್ಕಿಲ್ಲ. ಹಳೆಯ ಮನೆಯೊಂದು ನೆಲಸಮವಾದಾಗ ಹಲಗೆಗಳು ಚದುರಿಹೋಗುತ್ತವೆ. ಅವುಗಳ ದಪ್ಪ, ಹಾಸಿನ ಕ್ರಮ, ಗಚ್ಚಿನ ಮಿಶ್ರಣ, ಆ ಕೆಲಸಕ್ಕೆ ಸಂಬಂಧಿಸಿದ ಪದಗಳು ದಾಖಲೆಯಿಲ್ಲದೆ ಅಳಿಯುತ್ತವೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಬೆಟಗೇರಿಗಳ ಮನೆಗಳಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವವರು ಹಾಡು, ಕಥೆಗಳ ಜೊತೆಗೆ ತಾವು ಕೂತ ನೆಲದ ವಿವರವನ್ನೂ ಬರೆದುಕೊಳ್ಳುವುದು ಅವಶ್ಯ. ಆ ನೆಲವನ್ನು ಹಾಸಿದವರ ಮಾತು ಕೇಳಲು ಸಿಗುವ ಕಾಲ ದೀರ್ಘವಾಗಿಲ್ಲ.